ಮನೆ ನೋಡಲು ಬಂದವರು

“ಧನಿಗಳು ಇದ್ದಾರಾ?”

“ಇಲ್ಲ,” ಎಂದ ಶ್ರೇಯಾಂಸಕುಮಾರ, ಏಣಿಯ ಮೇಲಿನಿಂದ.

ಮಾತು ಬಾಯಿಂದ ಬಿದ್ದ ಮೇಲೆ ಅದು ಸುಳ್ಳೆಂದು ಹೊಳೆಯಿತು. ತಿದ್ದಿಕೊಳ್ಳಲು ಒಂದು ಕ್ಷಣವಿತ್ತು. ಆ ಕ್ಷಣದಲ್ಲಿ ಅವನು ಕುಂಚವನ್ನು ಸುಣ್ಣದ ಬಾಲ್ದಿಗೆ ಅದ್ದಿ ಗೋಡೆಯ ಮೇಲೆ ಇನ್ನೊಂದು ಪಟ್ಟೆ ಎಳೆದ.

ಬಾಗಿಲಲ್ಲಿ ನಿಂತವರು ದಪ್ಪ ಮೈಯ ಬ್ಯಾರಿ ಸಾಹುಕಾರರು. ಬಿಳಿ ಅಂಗಿ, ಕಂಕುಳಲ್ಲಿ ಕೊಡೆ. ದಲಾಲಿ ಪದ್ಮಯ್ಯ ಹೇಳಿದ್ದ ಬಂಟ್ವಾಳದ ಹಸೈನಾರ್ ಇವರೇ ಇರಬೇಕು. ಮರದ ವ್ಯಾಪಾರದವರು, ಈಚೆಗೆ ಮೂಡುಬಿದಿರೆಗೆ ವರ್ಗವಾಗಿ ಬರುವ ಬ್ಯಾಂಕಿನವರು, ಸರಕಾರಿ ನೌಕರರು ಬಾಡಿಗೆ ಮನೆಗೆ ಅಲೆಯುವುದನ್ನು ಕಂಡು ಹಳೆಯ ಮನೆಗಳನ್ನು ಕೊಳ್ಳತೊಡಗಿದ್ದರು. ಸಂಜೆ ಬರುವುದೆಂದು ಮಾತಾಗಿತ್ತು. ಬೆಳಗ್ಗೆಯೇ ಬಂದಿದ್ದರು.

ತಪ್ಪು ಅವರದಲ್ಲ. ಏಣಿಯ ಮೇಲಿದ್ದವನಿಗೆ ಅಂಗಿಯಿರಲಿಲ್ಲ. ತಲೆಗೆ ಬೈರಾಸು ಸುತ್ತಿ, ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ್ದ. ಎದೆಯ ಕೂದಲಲ್ಲಿ ಸುಣ್ಣದ ಹನಿ. ಮದರಾಸಿನಲ್ಲಿ ತತ್ತ್ವಶಾಸ್ತ್ರ ಓದಿ ಬಂದ ಹೈಸ್ಕೂಲು ಮಾಸ್ತರ ಎಂದು ಯಾರ ಮೈಮೇಲೂ ಬರೆದಿರುವುದಿಲ್ಲ.

“ನೀನು ಕೆಲಸದವನಾ?”

“ಹೌದು.”

ಈ ಎರಡನೆಯದು ಬಾಯಿತಪ್ಪಿ ಬಂದದ್ದಲ್ಲ.

ಮದುವೆಯಾದ ಮೇಲೆ ಅವನು ಕೈಹಾಕಿದ ಐದನೆಯ ಮನೆ ಇದು. ಯಾರಿಗೂ ಬೇಡವಾದ ಮನೆಯೊಂದನ್ನು ಕೊಳ್ಳುವುದು, ರಜೆಯಲ್ಲಿ ತಾನೇ ಹಂಚು ಇಳಿಸಿ, ಅದರಡಿಯ ಪಕಾಸಿನ ಮರ ಬದಲಿಸಿ, ಗಾರೆ ಮೆತ್ತಿ, ಹೆಂಡತಿಯೊಡನೆ ಅದರಲ್ಲೇ ಇದ್ದುಕೊಂಡು ಸರಿಪಡಿಸುವುದು. ಸರಿಯಾದ ಮೇಲೆ ಬಾಡಿಗೆಯ ಆಸೆಯಿರುವವರಿಗೆ ಮಾರುವುದು. ಜೊತೆಯ ಮಾಸ್ತರರು ಮೊದಲು ಇದನ್ನು ಹುಚ್ಚೆಂದರು, ಆಮೇಲೆ ಜಾಣತನವೆಂದರು. ಎರಡೂ ಅಲ್ಲವೆಂದು ಅವನಿಗೆ ಗೊತ್ತಿತ್ತು. ಸೋರುವ ಮಾಡಿನ ಕೆಳಗೆ ಅವನಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು. ಕೊನೆಯ ಬಾಗಿಲೂ ಕಿರುಗುಟ್ಟುವುದನ್ನು ಬಿಟ್ಟ ದಿನ ಮನೆಯೊಳಗೆ ಎಂಥದೋ ಮೌನ ಇಳಿಯುತ್ತಿತ್ತು. ಆ ಮೌನದಲ್ಲಿ ಪದ್ಮಲತಾ ಅಕ್ಕಿ ಆರಿಸುವ ಸದ್ದು ಕೇಳಿಸುತ್ತಿತ್ತು. ಮಾರನೆಯ ದಿನ ಅವನು ಪದ್ಮಯ್ಯನಿಗೆ ಹೇಳಿಕಳಿಸುತ್ತಿದ್ದ.

ಈ ಮನೆ ಮಾತ್ರ ಬೇರೆ. ಇದು ಪದ್ಮಲತಾ ಹುಟ್ಟಿದ ಮನೆ.

ಜೈನಪೇಟೆಯ ಈ ಮನೆ ತಾಯಿಯಿಂದ ಮಗಳಿಗೆ ಇಳಿದು ಬಂದದ್ದು. ತಾಯಿ ತೀರಿದ ಮೇಲೆ ಅವಳ ಅಣ್ಣ ಸಂಪತ್‌ಕುಮಾರ ಹುಬ್ಬಳ್ಳಿಯಿಂದ ಬಂದು, ಮಾರಿ ಪಾಲು ಮಾಡಿಕೊಳ್ಳುವ ಎಂದ. ಅವಳು ಸಹಿ ಹಾಕಿದಳು. ಕೊಂಡವನು ಗಂಡ. ‘ನಿನಗೋಸ್ಕರ ತೆಗೆದುಕೊಂಡದ್ದು’ ಎಂದು ಹೇಳಬೇಕೆಂದು ಆ ದಿನ ಅವನಿಗೆ ಅನಿಸಿತ್ತು. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಒಂದು ಭಾನುವಾರ ಮಾಡು ಹೇಗಿದೆಯೆಂದು ನೋಡಲು ನಾಲ್ಕು ಹಂಚು ಸರಿಸಿದ. ಮುಂದಿನದೆಲ್ಲ ಕೈಗೆ ಬಾಯಿಪಾಠವಿತ್ತು. ಆದರೆ ಈ ಸಲ ಅವರು ಶಾಲೆಯ ಹಿಂದಿನ ಬಾಡಿಗೆ ಮನೆಯಲ್ಲೇ ಉಳಿದರು. ಸಹಿ ಹಾಕಿದ ಮೇಲೆ ಪದ್ಮಲತಾ ಈ ಬೀದಿಗೇ ಬಂದಿರಲಿಲ್ಲ.

“ಇಳಿ ಮಾರಾಯ,” ಎಂದರು ಹಸೈನಾರ್. “ನಿನ್ನ ಧನಿ ಬರುವ ಮೊದಲು ಒಂದು ಸುತ್ತು ತೋರಿಸು.”

ಅವನು ಇಳಿದ.

“ನಿಜ ಹೇಳು. ಅವರಲ್ಲಿ ನಾನು ಬಾಯಿಬಿಡುವುದಿಲ್ಲ. ಗೆದ್ದಲು ಉಂಟಾ?”

“ಉಂಟು.”

“ಎಲ್ಲಿ?”

“ಅಡುಗೆಕೋಣೆಯ ತೊಲೆಯಲ್ಲಿ. ಹೊರಗಿಂದ ಬಣ್ಣ ಕೊಟ್ಟದ್ದು. ಒಳಗೆ ಟೊಳ್ಳು.”

ಹಸೈನಾರ್ ಅಡುಗೆಕೋಣೆಗೆ ಹೋಗಿ ಕೊಡೆಯ ಹಿಡಿಯಿಂದ ತೊಲೆಗೆ ಕುಟ್ಟಿದರು. ಸದ್ದು ಕೇಳಿ ಅವರಿಗೆ ಸಿಟ್ಟು ಬರಲಿಲ್ಲ, ಖುಷಿಯಾಯಿತು. ಶ್ರೇಯಾಂಸಕುಮಾರನಿಗೂ ಎದೆ ಹಗುರಾಯಿತು. ನಿನ್ನೆ ಆ ಬಣ್ಣ ಬಳಿದವನು ಯಾರೋ, ಇವತ್ತು ಅದನ್ನು ಹೇಳಿದವನು ಯಾರೋ. ಒಂದು ನಿಜ ಹೇಳಬೇಕಾದರೆ ಮನುಷ್ಯ ಮೊದಲು ಬೇರೊಬ್ಬನಾಗಬೇಕೇನೋ ಎಂದುಕೊಂಡ. ಕ್ಲಾಸಿನಲ್ಲಿ ಹೇಳುವಂಥ ಮಾತು. ನಾಚಿಕೆಯಾಯಿತು.

“ನಿನ್ನ ಧನಿ ಹೇಗೆ ಜನ?”

“ಓದಿದವರು.”

“ಅದಲ್ಲ. ಮನುಷ್ಯ ಹೇಗೆ?”

“ಗೊತ್ತಾಗುವುದಿಲ್ಲ, ಸಾಹುಕಾರ್ರೇ. ಮನೆ ಹಾಳಾಗಿರುವವರೆಗೆ ಇರ್ತಾರೆ. ಸರಿಯಾದ ಮೇಲೆ ಇರುವುದಿಲ್ಲ.”

ಹಸೈನಾರ್ ನಕ್ಕರು. “ಹೆಂಡತಿ, ಮಕ್ಕಳು?”

“ಮಕ್ಕಳಿಲ್ಲ.”

ಹೆಂಡತಿಯ ವಿಷಯ ಹೇಳುವ ಮೊದಲೇ ಜಗಲಿಯಲ್ಲಿ ಹೆಜ್ಜೆಯ ಸದ್ದಾಯಿತು. ಇಬ್ಬರೂ ಮುಂಭಾಗದ ಚಾವಡಿಗೆ ಬಂದರು.

ಹೊಸಿಲಿನ ಆಚೆ ಪದ್ಮಲತಾ ನಿಂತಿದ್ದಳು. ಕಂದು ಬಣ್ಣದ ಸೀರೆ, ಬಿಸಿಲಿಗೆ ಕೆಂಪಾದ ಮುಖ. ಪದ್ಮಯ್ಯ ಮನೆಗೆ ಬಂದು, ಗಿರಾಕಿ ಬೆಳಗ್ಗೆಯೇ ಬರ್ತಾರಂತೆ ಎಂದು ಹೇಳಿಹೋಗಿರಬೇಕು; ಅದನ್ನು ತಿಳಿಸಲು ಓಡಿ ಬಂದಿರಬೇಕು. ತಡವಾಗಿತ್ತು.

“ಬನ್ನಿ ಅಮ್ಮ. ನೀವು ಈ ಮನೆಯವರಾ?” ಎಂದು ಹಸೈನಾರ್ ಕೇಳಿದರು. ಉತ್ತರಕ್ಕೆ ಕಾಯದೆ ಇವನ ಕಡೆ ತಿರುಗಿ, “ಏಯ್, ಆ ಏಣಿ ಅತ್ತ ಸರಿಸು. ಅವರಿಗೆ ಬರ್ಲಿಕ್ಕೆ ದಾರಿ ಬೇಡವಾ?” ಎಂದರು.

ಅವನು ಏಣಿ ಸರಿಸಿದ. ಹೆಂಡತಿಯ ದೃಷ್ಟಿ ಏಣಿಯಿಂದ ತನ್ನ ತಲೆಯ ಬೈರಾಸಿಗೆ, ಅಲ್ಲಿಂದ ಸಾಹುಕಾರರ ಕೊಡೆಗೆ ಹೋದದ್ದನ್ನು ಕಂಡ. ಈಗ ನಗುತ್ತಾಳೆ, ಎಲ್ಲ ಮುಗಿಯುತ್ತದೆ ಎಂದುಕೊಂಡ. ಹಾಗಾಗಲಿ ಎಂದೂ ಬಯಸಿದ.

“ಅಲ್ಲ,” ಎಂದಳು ಪದ್ಮಲತಾ. “ನಾನೂ ಮನೆ ನೋಡ್ಲಿಕ್ಕೆ ಬಂದದ್ದು. ಮಾರ್ಲಿಕ್ಕೆ ಉಂಟು ಅಂತ ಕೇಳಿದೆ.”

“ಹಾಗಾ! ಒಳ್ಳೆಯದಾಯ್ತು. ಧನಿ ಇಲ್ಲ. ಇವ ತೋರಿಸ್ತಾನೆ. ಸುಳ್ಳು ಹೇಳುವವನಲ್ಲ.”

ಅವಳು ಹೊಸಿಲು ದಾಟಿದಳು. ಬಲಗಾಲೋ ಎಡಗಾಲೋ ಎಂದು ಅವನು ನೋಡಿದ. ನೋಡಿದ್ದಕ್ಕೆ ತನ್ನ ಮೇಲೇ ಬೇಸರವಾಯಿತು.

ಹಿಂದೆ ಚಾವಡಿಯ ಒಳಬದಿಗೆ ಕಿಟಕಿಯಿಲ್ಲದ ಕೋಣೆಯೊಂದಿತ್ತು. ಮಧ್ಯದ ಗೋಡೆ ಕೆಡವಿ ಅವನು ಎರಡನ್ನೂ ಒಂದು ಮಾಡಿದ್ದ, ಹಿಂಬದಿಯಲ್ಲಿ ದೊಡ್ಡ ಕಿಟಕಿ ತೆರೆದಿದ್ದ. ತನ್ನ ಕೆಲಸಗಳಲ್ಲೆಲ್ಲ ಇದೇ ಒಳ್ಳೆಯದೆಂದು ಅವನಿಗೆ ಹೆಮ್ಮೆಯಿತ್ತು. ಅಲ್ಲಿಗೆ ಬಂದಾಗ ಅವಳು ನಿಂತಳು.

“ಇಲ್ಲಿ ಗೋಡೆ ಇತ್ತಾ?”

“ಇತ್ತು. ತೆಗೆದದ್ದು.”

“ಯಾಕೆ?”

“ಒಳಗೆ ಬೆಳಕಿರಲಿಲ್ಲ.”

“ಬೆಳಕು ಬೇಕು ಅಂತ ಯಾರು ಹೇಳಿದ್ದು?”

“ಧನಿ.”

“ಕೋಣೆಯಲ್ಲಿ ಏನಿತ್ತು?”

“ಏನೂ ಇರಲಿಲ್ಲ. ಕತ್ತಲೆ.” ಸ್ವಲ್ಪ ತಡೆದು, “ಬಾಣಂತಿಯರ ಕೋಣೆ ಆಗಿತ್ತಂತೆ ಹಿಂದೆ,” ಎಂದ. “ನಿಮಗೆ ಬೇಕಾದರೆ ಪುನಃ ಕಟ್ಟಬಹುದು.”

ಅವಳಿಗೆ ‘ನೀವು’ ಎಂದದ್ದು ಇದೇ ಮೊದಲು. ಆ ಮಾತು ನಾಲಗೆಗೆ ಇಷ್ಟು ಸುಲಭವಾಗಿ ಒಗ್ಗಿದ್ದು ಕಂಡು ಅವನು ಬೆಚ್ಚಿದ. ಹತ್ತು ವರ್ಷದ ಸಂಸಾರದಲ್ಲಿ ಇಷ್ಟು ಪ್ರಶ್ನೆಗಳನ್ನು ಅವಳು ಒಟ್ಟಿಗೆ ಕೇಳಿದ ನೆನಪೂ ಅವನಿಗಿರಲಿಲ್ಲ.

ಹಸೈನಾರ್ ನೋಡುತ್ತಿದ್ದರು. ಹೆಣ್ಣುಮಕ್ಕಳನ್ನು ಮದುವೆ ಮಾಡಿಕೊಟ್ಟು, ಸೊಸೆಯರನ್ನು ತಂದ ಮನುಷ್ಯ. ಏನೋ ಅರ್ಥವಾದವರ ಹಾಗೆ ದನಿ ತಗ್ಗಿಸಿದರು.

“ನೋಡಿ ಅಮ್ಮ, ನನಗೆ ಇದು ಬಾಡಿಗೆಗೆ ಕೊಡ್ಲಿಕ್ಕೆ. ನಿಮಗೆ ಇರ್ಲಿಕ್ಕೆ ಅಲ್ಲವಾ? ಬೇಕಾದರೆ ಹೇಳಿ, ನಾನು ಬಿಟ್ಟುಕೊಡ್ತೇನೆ. ಬೇರೆ ಮನೆ ನೋಡ್ತೇನೆ.”

ಪದ್ಮಲತಾ ಸುಸ್ತಾದವಳಂತೆ ಹಿಂದಕ್ಕೆ ಸರಿದು, ಅವನು ಆಗಷ್ಟೇ ಸುಣ್ಣ ಬಳಿದ ಗೋಡೆಗೆ ಬೆನ್ನು ಒರಗಿಸಿದಳು. ಗೋಡೆ ಹಸಿಯಾಗಿತ್ತು. ಅದನ್ನು ಹೇಳಲು ಬಾಯಿತೆರೆದವನು ಸುಮ್ಮನಾದ. ಅವಳ ಉತ್ತರಕ್ಕೆ ಅಡ್ಡಬರುವ ಧೈರ್ಯವಾಗಲಿಲ್ಲ.

ಹೂಂ ಎನ್ನಲಿ. ಬೇಕು ಎನ್ನಲಿ. ಗೋಡೆಯನ್ನು ಮತ್ತೆ ಕಟ್ಟುತ್ತೇನೆ, ಕಿಟಕಿ ಮುಚ್ಚುತ್ತೇನೆ, ಆ ತೊಲೆಯನ್ನು ನಾಳೆಯೇ ಇಳಿಸುತ್ತೇನೆ. ಮನಸ್ಸಿನಲ್ಲಿ ಕಲ್ಲು ಎಣಿಸತೊಡಗಿದ. ಎಣಿಸುತ್ತಿರುವಾಗಲೇ, ಕಟ್ಟಿ ಮುಗಿದ ಮೇಲೆ ಈ ಮನೆಯಲ್ಲಿ ಕಳೆಯಬೇಕಾದ ಮೊದಲ ಸಂಜೆ ಕಣ್ಣಿಗೆ ಬಂತು. ಇಬ್ಬರು, ಒಂದು ದೀಪ, ಅಕ್ಕಿ ಆರಿಸುವ ಸದ್ದು. ಎಣಿಕೆ ತಪ್ಪಿತು.

ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

“ಬೇಡ,” ಎಂದಳು ಹಸೈನಾರರಿಗೆ. “ನೀವೇ ತಗೊಳ್ಳಿ. ನಾನು ನೋಡ್ಲಿಕ್ಕೆ ಬಂದ ಮನೆ ಇದಲ್ಲ.”

“ಖಂಡಿತಾ?”

“ಖಂಡಿತಾ. ಈ ಮನೆಯ ಗುರುತೇ ಇಲ್ಲ ನನಗೆ.”

ಹಸೈನಾರ್ ತಲೆಯಾಡಿಸಿದರು. ಕಿಸೆಯಿಂದ ಬೀಡಿ ತೆಗೆದು ಒಂದನ್ನು ಶ್ರೇಯಾಂಸಕುಮಾರನಿಗೆ ಚಾಚಿದರು. ಜನ್ಮದಲ್ಲಿ ಬೀಡಿ ಮುಟ್ಟದವನು ಹೆಂಡತಿಯ ಎದುರು ಎರಡೂ ಕೈಯೊಡ್ಡಿ ತೆಗೆದುಕೊಂಡ.

“ಧನಿ ಬಂದರೆ ಹೇಳು, ಮನೆ ನನಗೆ ಆಗ್ತದೆ ಅಂತ. ತೊಲೆ ಮಾತ್ರ ಬದಲಿಸಿ ಕೊಡಬೇಕು. ಅದು ನನಗೇ ಗೊತ್ತಾದದ್ದು ಅಂತ ಹೇಳ್ತೇನೆ, ನೀನು ಹೆದರಬೇಡ.”

ಕೊಡೆ ಬಿಚ್ಚಿ ಅವರು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಚಾವಡಿಯಲ್ಲಿ ಇಬ್ಬರೇ ಉಳಿದರು. ಕೈಯಲ್ಲಿ ಬೀಡಿಯಿತ್ತು, ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಬೈರಾಸು ಬಿಚ್ಚಿದರೆ ಸಾಕು, ಗಂಡನಾಗಬಹುದಿತ್ತು. ಕೈ ತಲೆಯವರೆಗೆ ಹೋಯಿತು.

“ನಿಮ್ಮ ಧನಿಗೆ ಹೇಳಿ,” ಎಂದಳು ಪದ್ಮಲತಾ. ದನಿಯಲ್ಲಿ ತಮಾಷೆ ಇರಲಿಲ್ಲ, ಕೋಪವೂ ಇರಲಿಲ್ಲ. “ಪದ್ಮಯ್ಯ ಬಂದಿದ್ದರು ಅಂತ. ಊಟದ ಹೊತ್ತಿಗೆ ಸರಿಯಾಗಿ ಮನೆಗೆ ಹೋಗ್ಲಿಕ್ಕೆ ಹೇಳಿ. ಸಾರು ಆರ್ತದೆ.”

ಅವನು ಕಾದ. ಅವಳೂ ಕಾದಳು.

“ಹೇಳ್ತೇನೆ,” ಎಂದ ಅವನು.

ಅವಳು ಮೆಟ್ಟಿಲಿಳಿದು ಬೀದಿಗೆ ಕಾಲಿಟ್ಟಾಗ ಕಂಡಿತು: ಕಂದು ಸೀರೆಯ ಬೆನ್ನಿನ ಮೇಲೆ, ಹೆಗಲಿನಿಂದ ಸೊಂಟದವರೆಗೆ, ಗೋಡೆಯ ಹಸಿ ಸುಣ್ಣ ಹತ್ತಿಕೊಂಡಿತ್ತು. ಕೂಗಿ ಹೇಳಬೇಕೆಂದು ಜಗಲಿಗೆ ಬಂದ. ಹೆಂಡತಿಯನ್ನು ಅವನು ಹೆಸರು ಹಿಡಿದು ಕರೆದವನಲ್ಲ. ಏನೆಂದು ಕರೆಯುವುದು? ‘ಅಮ್ಮಾ’ ಎಂಬ ಮಾತು ಗಂಟಲಿನವರೆಗೆ ಬಂದು ನಿಂತಿತು.

ಎದುರು ಮನೆಯ ಜಗಲಿಯಲ್ಲಿದ್ದ ಹೆಂಗಸೊಬ್ಬಳು ಮಾತು ನಿಲ್ಲಿಸಿ ನೋಡಿದಳು. ಪದ್ಮಲತಾ ತಿರುಗಲಿಲ್ಲ. ಬಸದಿಯ ಕಡೆಯ ತಿರುವಿನತ್ತ, ಎಂದಿನಂತೆ ತಲೆ ತುಸು ಬಗ್ಗಿಸಿ ನಡೆದಳು. ಆಗ ಇನ್ನೂ ಬೂದಿಬೂದಿಯಾಗಿದ್ದ ಸುಣ್ಣ ಅವಳು ದೂರವಾದಂತೆ ಬಿಸಿಲಿಗೆ ಒಣಗುತ್ತ, ಬೆಳ್ಳಗೆ, ಇನ್ನೂ ಬೆಳ್ಳಗೆ ಆಗುತ್ತ ಹೋಯಿತು.