ನುಣುಪು ಅಂಚಿನ ಎಲೆ

ಬೆರಳಿಗೆ ಹತ್ತಿದ ಈ ಹಸಿರು ಸೋಪಿಗೂ ಬಿಡುತ್ತಿಲ್ಲ, ಟೊಮೆಟೊ ಸಸಿ ಮುಟ್ಟಿದ ಕೈ ಹೀಗೇ, ತೊಳೆದಷ್ಟೂ ಹಳದಿ ನೀರು — ಬೀಜದ ಆ ಬಟ್ಟೆ ತೊಳೆದಾಗ ಮಾತ್ರ ನೀರು ಎಷ್ಟು ತಿಳಿಯಾಗಿತ್ತು, ಬೀಜಗಳು ಮೀನಿನ ಕಣ್ಣಿನಂತೆ ತೇಲಿ, ಸುತ್ತಿ, ಮೋರಿಯ ಜಾಲರಿ ದಾಟಿದವು, ಹಳೇ ದಿಂಬಿನ ಚೀಲದ ತುಂಡಿಗೆ ಅಜ್ಜಿ ಒಂದೊಂದೇ ಅಂಟಿಸಿ ಒಣಗಿಸಿದ್ದ ಬೀಜ, ನಲವತ್ತು ವರ್ಷ ಉಳಿಸಿಕೊಂಡು ಬಂದ ತಳಿ, ಬೇರೆ ಯಾರ ಹತ್ತಿರವೂ ಇಲ್ಲ. ಬಟ್ಟೆ ಸಮೇತ ಕುಂಡಕ್ಕೆ ಹಾಕಿ ನೀರು ತೋರಿಸು ಸಾಕು, ಸಸಿ ನಿಮ್ಮಕ್ಕ ಒಯ್ತಾಳೆ, ನಿನ್ನ ಕೈಗೆ ಕಳ್ಳಿನೂ ಚಿಗುರಲ್ಲ ಅಂದಿದ್ದಳು ಅಜ್ಜಿ. ಕೊಳೆ ಅಂದುಕೊಂಡು ತೊಳೆದೆ ಎಂದು ನನಗೇ ಎಷ್ಟು ಸಲ ಹೇಳಿಕೊಳ್ಳಲಿ, ಗೊತ್ತಿದ್ದೇ ತೊಳೆದೆ, ಬ್ರಷ್ಷು ಹಾಕಿ ಉಜ್ಜಿದೆ. ಹಿತ್ತಲ ಗಿಡ ಮದ್ದಲ್ಲ, ದಿನಾ ಅವಳ ಬೆನ್ನು ಒರೆಸುವವಳು ನಾನು, ಅವಳು ಹೇಳುವ ಕಥೆಗಳಲ್ಲಿ ರಾಜನ ಮನೆ ಸೇರುವವಳು ಮಾತ್ರ ಯಾವಾಗಲೂ ಅಕ್ಕ, ಬಾವಿಗೆ ಬೀಳುವ ಪೆದ್ದು ತಂಗಿಗೆ ನನ್ನದೇ ಉಬ್ಬುಹಲ್ಲು, ನನ್ನದೇ ತೊದಲು, ನಾನೂ ನಕ್ಕು, ಆಮೇಲೆ ಏನಾಯ್ತಜ್ಜಿ ಎನ್ನುತ್ತಿದ್ದೆ.

ಬೇಯಿಸೋಕಾ, ಹಸಿ ತಿನ್ನೋಕಾ ಮೇಡಂ, ಸಸಿ ಮಾರುವವ ಕೇಳಿದ, ಗುಂಡು ಇದೆ, ಉದ್ದದ್ದಿದೆ, ಗೋಲಿಯಷ್ಟು ಪುಟ್ಟದ್ದೂ ಇದೆ, ಯಾವುದಾದ್ರೂ ಹಣ್ಣಿಗೆ ಮೂರು ತಿಂಗಳು — ಡಾಕ್ಟರು ಅಜ್ಜಿಗೆ ಒಂದೇ ತಿಂಗಳು ಅಂದಿದ್ದಾರೆ, ಹಣ್ಣು ಅವಳ ಬಾಯಿಗೆ ಹೋಗುವುದಿಲ್ಲ, ಹಾಗಾದರೆ ಯಾವುದಾದರೇನು, ಗುಂಡನ್ನೇ ಕೊಡಿ ಎಂದೆ, ಮನಸ್ಸು ಹಗುರಾಯಿತು, ದಾರಿಯುದ್ದಕ್ಕೂ ಹಾಡು ಗುನುಗಿದೆ, ಅರ್ಧ ಕಾಂಡ ಹೂತು, ಕೋಲು ಕಟ್ಟಿ, ಆರು ಸಸಿ ನೆಟ್ಟೆ. ನಿನ್ನ ಬೀಜದವೇ ಅಜ್ಜಿ, ಎಲ್ಲ ಹುಟ್ಟಿದವು ಎಂದೆ.

ಒಂದು ಎಲೆ ತಾ ಎಂದಳು ಇವತ್ತು. ಕಣ್ಣು ಹೋಗಿ ವರ್ಷವಾಯಿತು, ಮೂಸುತ್ತಾಳೆ ಅಂದುಕೊಂಡೆ, ಎಲ್ಲ ಟೊಮೆಟೊ ಎಲೆಯದೂ ಒಂದೇ ವಾಸನೆ, ಧೈರ್ಯವಾಗಿ ಕೊಟ್ಟೆ, ಅವಳು ಮೂಸಲಿಲ್ಲ, ಹೆಬ್ಬೆರಳನ್ನು ಅಂಚಿನ ಮೇಲೆ ಎಳೆದಳು — ಬರೀ ಹಣ್ಣನ್ನೇ ಯೋಚಿಸಿ ಎಲೆ ಮರೆತೇಬಿಟ್ಟಿದ್ದೆ, ಅವಳ ತಳಿಯ ಎಲೆಗೆ ಗರಗಸದಂಥ ಕಚ್ಚುಗಳಿಲ್ಲ, ಆಲೂಗಡ್ಡೆ ಎಲೆಯಂತೆ ಅಗಲ, ಅಂಚು ನುಣುಪು. ಹೆಬ್ಬೆರಳು ಒಂದು ಕಚ್ಚಿನಲ್ಲಿ ನಿಂತಿತು, ಹೊರಟಿತು, ಇನ್ನೊಂದರಲ್ಲಿ ನಿಂತಿತು. ಚೆನ್ನಾಗಿ ಕಲಿತಿದ್ದೀಯ ಕಣೇ, ಎಂದಳು, ನಿಮ್ಮಕ್ಕಂಗೆ ಒಂದು ಕಥೆ ಕಟ್ಟೋಕೂ ಬರ್ಲಿಲ್ಲ, ನಿಂಗೆ ಬಂತು, ಹೇಳು, ಆಮೇಲೆ ಏನಾಯ್ತು — ಏನಾಗುತ್ತದೆ, ಭಾನುವಾರ ಅಕ್ಕ ಬರುತ್ತಾಳೆ, ಅಜ್ಜಿ ಅವಳಿಗೆ ಹೇಳುತ್ತಾಳೆ, ಹೇಳದೆಯೂ ಸಾಯಬಹುದು, ಯಾವುದು ಹೆಚ್ಚು ಸುಡುತ್ತದೋ, ನಲ್ಲಿ ಹರಿಯುತ್ತಲೇ ಇದೆ, ಒಳಗೆ ಆ ಎಲೆಯನ್ನು ಅವಳಿನ್ನೂ ಬಿಟ್ಟಿಲ್ಲ, ಅಂಚಿನ ಮೇಲೆ ಹೆಬ್ಬೆರಳು, ಹೊರಟು, ನಿಂತು, ಹೊರಟು, ನಿಂತು,