ಪೆನ್ನಿನಲ್ಲಿ ಬರೆದ ನಾಲ್ಕು

"ನಾಕು ಯಾಕ ಬರದ್ರಿ?" ಎಂದು ವಿಜಯಶ್ರೀ ಕೇಳಿದಳು.

ಹೆಣ್ಣು ನೋಡಲು ಬಂದವನಿಗೆ ಕೇಳುವ ಮೊದಲ ಪ್ರಶ್ನೆ ಅದಲ್ಲ, ಒಪ್ಪಿಕೊಳ್ಳೋಣ. ಆದರೆ "ಇಬ್ಬರೂ ಮಾತಾಡಿಕೋರಿ" ಎಂದು ಹಿರಿಯರು ಎದ್ದು ಹೊರಗೆ ಹೋದ ಕೂಡಲೇ ಈ ಸಂಜೀವಕುಮಾರ, ಬಸವನ ಬಾಗೇವಾಡಿಯ ದನದ ಡಾಕ್ಟರು, ಟೀಪಾಯಿ ಮೇಲಿನ ಪೇಪರ್ ಎಳೆದುಕೊಂಡಿದ್ದ. ಅವಳು ಬೆಳಗಿನಿಂದ ಪೆನ್ಸಿಲ್ ಹಿಡಿದು ತಿಣುಕುತ್ತಿದ್ದ ಸುಡೊಕುವಿನ ಒಂದು ಖಾಲಿ ಮನೆಯಲ್ಲಿ, ಕಿಸೆಯ ಪೆನ್ನಿನಿಂದ ದಪ್ಪಗೆ ನಾಲ್ಕು ಬರೆದೇಬಿಟ್ಟಿದ್ದ.

"ಹಂಗ ಅನಿಸ್ತ್ರಿ."

"ದನಕ್ಕೂ ಹಿಂಗ ಅನಿಸಿದ್ದ ಔಷಧಾನ ಕೊಡ್ತೀರೇನ್ರಿ?"

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಊಹೆ ಎಂದರೆ ಅವಳಿಗೆ ಮೈಯೆಲ್ಲ ಸಿಟ್ಟು. ಅವಳಪ್ಪ ಪರಪ್ಪನವರು ಮುದ್ದೇಬಿಹಾಳದ ತಮ್ಮ ಅಡತಿ ಅಂಗಡಿಯಲ್ಲಿ ಚೀಲಕ್ಕೆ ಕೈ ಹಾಕಿ, ಒಂದು ಮುಷ್ಟಿ ತೊಗರಿ ನೋಡಿ ದರ ಹೇಳುವವರು. ಹುಡುಗನನ್ನೂ ಹಾಗೆಯೇ ಮೆಚ್ಚಿದ್ದರು; ಸಂಜೆಯೊಳಗೆ ಅವಳು ಹೂಂ ಅಥವಾ ಊಹೂಂ ಹೇಳಬೇಕಿತ್ತು. ಒಂದು ತಟ್ಟೆ ಅವಲಕ್ಕಿ ತಿನ್ನುವಷ್ಟು ಹೊತ್ತು ಕಂಡವನ ಜೊತೆ ಬಾಳು ಕಳೆಯುವುದು ಹೇಗೆ ಎಂದು ಅವಳಿಗೆ ಹೆದರಿಕೆ.

"ಮತ್ತ ಹೆಂಗ ನೋಡಬೇಕ್ರಿ?" ಅವನು ಕುರ್ಚಿ ಮುಂದೆಳೆದುಕೊಂಡ.

"ಎರಡನೇ ಅಡ್ಡಸಾಲಿನ್ಯಾಗ ನಾಕಕ್ಕ ಎಲ್ಲೆಲ್ಲಿ ಜಾಗ ಐತಿ ನೋಡ್ರಿ. ಆಮ್ಯಾಲೆ ಏಳನೇದ್ರಾಗ ನೋಡ್ರಿ. ನಾ ಇದಕ್ಕ ಹೊರಸು ಅಂತೇನಿ. ಹೊರಸಿನ ಕಾಲು..."

"ಡಾಕ್ಟರ್, ಹೊತ್ತಾತು, ಏಳ್ರಿ!" ಸಂಬಂಧ ತಂದಿದ್ದ ಸೋಮನಿಂಗ ಬಾಗಿಲಲ್ಲಿ ನಿಂತಿದ್ದ. ಮಾತು ಅಲ್ಲಿಗೇ ನಿಂತಿತು.

ಅವರು ಹೋದ ಮೇಲೆ ಅವಳು ರಬ್ಬರಿನಿಂದ ಆ ನಾಲ್ಕನ್ನು ಉಜ್ಜಿದಳು. ಅದೆಲ್ಲಿ ಹೋಗುತ್ತದೆ, ಕಾಗದ ಮಾತ್ರ ತೆಳ್ಳಗಾಯಿತು. ಸಂಜೆ ಪರಪ್ಪನವರು ಬಂದು ಎದುರಿಗೇ ಕೂತರು.

"ಹುಡುಗನ್ನ ನೋಡಿದ ಮ್ಯಾಲೆ ಏನೂ ಅನಸ್ಲಿಲ್ಲೇನವ್ವಾ?"

ಬೇಡ ಎನ್ನಲು ಅವಳು ಬಾಯಿ ತೆರೆಯುವುದಕ್ಕೂ ಅವರ ಮೊಬೈಲು ಸದ್ದು ಮಾಡುವುದಕ್ಕೂ ಸರಿಹೋಯಿತು. ಅವರು ಕನ್ನಡಕ ಏರಿಸಿ ನೋಡಿದರು.

"ಆ ಹುಡುಗ ಏನೋ ಕಳಿಸ್ಯಾನ. ಕುಂಡಲಿ ಇದ್ದಂಗ ಐತಿ. ನಾವು ಕೇಳೇ ಇಲ್ಲಲ್ಲ?"

ಅವಳು ಫೋನು ಕಸಿದುಕೊಂಡಳು. ಅದೇ ಸುಡೊಕುವಿನ ಫೋಟೊ! ದಾರಿಯಲ್ಲಿ ಆ ದಿನದ ಪೇಪರ್ ಇನ್ನೊಂದು ಕೊಂಡಿದ್ದ. ಈ ಸಲ ಪೆನ್ಸಿಲ್. ಎರಡನೇ ಸಾಲಿನಲ್ಲಿ ನಾಲ್ಕಕ್ಕೆ ಉಳಿದಿದ್ದು ಎರಡೇ ಮನೆ. ನೇರ ಅವುಗಳ ಕೆಳಗೆ, ಏಳನೇ ಸಾಲಿನಲ್ಲೂ ಎರಡೇ. ಆ ನಾಲ್ಕೂ ಮನೆಗಳಿಗೆ ಸುತ್ತು ಹಾಕಿ, ಮಂಚದ ನಾಲ್ಕು ಕಾಲಿನಂತೆ ಗೆರೆ ಎಳೆದು ಕೂಡಿಸಿದ್ದ. ಓರೆಯಾಗಿ ಎದುರುಬದುರಾದ ಮೂಲೆಗಳ ಯಾವ ಜೋಡಿಯಲ್ಲಿ ನಾಲ್ಕು ಕೂತರೂ, ಸಾಲಿಗೊಂದೇ ಎಂಬ ನಿಯಮದಂತೆ ಆ ಎರಡು ಉದ್ದಸಾಲುಗಳ ಪಾಲಿನ ನಾಲ್ಕು ಅಲ್ಲಿಗೇ ತೀರಿತು. ಎಡಗಡೆಯ ಎರಡು ಕಾಲುಗಳ ನಡುವಿನ ಮನೆಯಲ್ಲಿ ಅವನು ಮೊದಲು ಪೆನ್ನಿನಲ್ಲಿ ಬರೆದ ನಾಲ್ಕಕ್ಕೆ ಜಾಗವೇ ಇರಲಿಲ್ಲ. ಕೆಳಗೆ ಹೀಗೆ ಬರೆದಿದ್ದ: "ಹೊರಸಿನ ಯಾವ ಕಾಲಿಗೆ ಐತಿ ಅನ್ನೂದು ಇನ್ನೂ ತಿಳಿದಿಲ್ರಿ. ನಾ ಬರದಲ್ಲಿ ಮಾತ್ರ ಇಲ್ಲ."

ಅವಳಿಗೆ ಖುಷಿಯಾಯಿತು. ಮುಚ್ಚಿಡಲೂ ಆಗಲಿಲ್ಲ.

"ಸೋಮನಿಂಗಗ ಏನ್ ಹೇಳ್ಲೆವ್ವಾ?"

"ಮುಂದಿನ ಐತಾರ ಇನ್ನೊಮ್ಮೆ ಬರಾಕ ಹೇಳ್ರಿ, ಅಪ್ಪಾ. ಪೆನ್ ತರೂದು ಬ್ಯಾಡಂತ."

ಪರಪ್ಪನವರು ಮಗಳ ಮುಖವನ್ನೂ ಫೋನನ್ನೂ ನೋಡುತ್ತ ಕೂತರು. ಅವಳು ಬಾಗಿಲ ಬೆಳಕಿಗೆ ಹೋಗಿ ಪೆನ್ಸಿಲ್ ಹೆರೆದಳು. ಆಮೇಲೆ ಇನ್ನೊಂದನ್ನೂ ಹೆರೆದಿಟ್ಟಳು.