ಕಬ್ಬಿಣದ ಗೇಟಿನ ಮುಂದಿನ ಕುರ್ಚಿ

ನಾನೊಂದು ಕುರ್ಚಿ. ಪ್ಯಾಲೆಸ್ತೀನಿನ ದೇರ್ ಖರ್ರೂಬ್ ಎಂಬ ಕಲ್ಲುಗುಡ್ಡದ ಹಳ್ಳಿಯಲ್ಲಿ, ಸಬ್ರಿ ಎಂಬ ಬಡಗಿಯ ಕೈಯಲ್ಲಿ ಹುಟ್ಟಿದೆ. ನನ್ನ ಮೈ ಹಿಪ್ಪುನೇರಳೆ ಮರದ್ದು. ಕೂರುವ ಜಾಗಕ್ಕೆ ಹುಲ್ಲಿನ ಹಗ್ಗ ಹೆಣೆದವಳು ಸಬ್ರಿಯ ಹೆಂಡತಿ ಅಫೀಫಾ. ಬಿಗಿದು ಬಿಗಿದು ಅವಳ ಬೆರಳುಗಳ ಚರ್ಮ ಸುಲಿದಿತ್ತು. ಆಗಿನ ಪಾದ್ರಿಗಳು ಭಾರೀ ಆಳು. ಅವರು ಎದ್ದರೆ ಹಳೇ ಕುರ್ಚಿಯೂ ಅವರ ಜೊತೆಗೇ ಏಳುತ್ತಿತ್ತಂತೆ. ಅದಕ್ಕೇ ಸಬ್ರಿ ನನ್ನ ತೋಳುಗಳನ್ನು ಅಗಲವಾಗಿ ಇಟ್ಟ. ಹೀಗೆ ನಾನು ಚರ್ಚಿನ ಸಭಾಮನೆ ಸೇರಿದೆ.

ಸಬ್ರಿಗೆ ಊರ ಕೆಳಗಿನ ಇಳಿಜಾರಿನಲ್ಲಿ ಅರವತ್ತೆರಡು ಆಲಿವ್ ಮರಗಳಿದ್ದವು. ಒಂದು ವರ್ಷ ಎದುರು ಗುಡ್ಡದ ಮೇಲೆ ಕೆಂಪು ಹೆಂಚಿನ ಹೊಸ ವಸಾಹತು ಎದ್ದಿತು. ಅದರ ಕಾವಲಿಗೆಂದು ಸೈನ್ಯ ಬೇಲಿ ಎಳೆಯಿತು. ಮರಗಳು ಬೇಲಿಯಾಚೆ ಉಳಿದವು, ಮರದವರು ಈಚೆ. ನಡುವೆ ಒಂದು ಕಬ್ಬಿಣದ ಗೇಟು. ಕೊಯ್ಲಿನ ಕಾಲದಲ್ಲಿ ಅನುಮತಿ ಪತ್ರ ಸಿಕ್ಕರೆ, ಅದರಲ್ಲಿ ಬರೆದ ದಿನ ಮಾತ್ರ ಒಳಗೆ ಹೋಗಬಹುದು. ತನ್ನದೇ ಮರದ ಹತ್ತಿರ ಹೋಗಲು ಪತ್ರ! ಸಬ್ರಿ ಆ ಅವಮಾನ ನುಂಗಲಾರದೆ ಎರಡು ಚಳಿಗಾಲ ಕಳೆದು ತೀರಿಕೊಂಡ. ಮರುವರ್ಷ ಆ ವಸಾಹತಿನಿಂದ ಇಳಿದು ಬಂದವರು ಹತ್ತೊಂಬತ್ತು ಮರಗಳಿಗೆ ಬೆಂಕಿ ಇಟ್ಟರು. ಯಾರನ್ನೂ ಹಿಡಿಯಲಿಲ್ಲ.

ಸುದ್ದಿ ಹರಡಿತು. ದೇಶವಿದೇಶದ ಚರ್ಚಿನ ಹಿರಿಯರು ಸಾಂತ್ವನ ಹೇಳಲು ಬರತೊಡಗಿದರು. ಎಲ್ಲರಿಗಿಂತ ದೊಡ್ಡವರಿಗೆ ನಾನೇ ಆಸನ. ಎದೆಯ ಮೇಲೆ ಬೆಳ್ಳಿಯ ಶಿಲುಬೆ, ಕಾಲಲ್ಲಿ ಮಿರಿಮಿರಿ ಶೂಸು. ಅಫೀಫಾ ಏಲಕ್ಕಿ ಹಾಕಿದ ಕಾಫಿ ಕೊಡುತ್ತಿದ್ದಳು, ಸುಟ್ಟ ಮರಗಳ ಕಥೆ ಹೇಳುತ್ತಿದ್ದಳು. ಅವರು ಅಳುತ್ತಿದ್ದರು. "ನಾವು ನಿಮ್ಮೊಂದಿಗಿದ್ದೇವೆ" ಎನ್ನುತ್ತಿದ್ದರು. ಪ್ರಾರ್ಥನೆ, ಫೋಟೋ, ಬಸ್ಸು. ಅವರ ಕಣ್ಣೀರು ಸುಳ್ಳಲ್ಲ. ನನ್ನ ತೋಳಿನ ಮೇಲೇ ಬಿದ್ದಿದೆ. ಸುಳ್ಳಲ್ಲವಾದ್ದರಿಂದಲೇ ನನಗೆ ಇನ್ನಷ್ಟು ಸಿಟ್ಟು. ಅಷ್ಟು ನಿಜವಾಗಿ ನೊಂದವರು ಅಷ್ಟು ಬೇಗ ಊಟಕ್ಕೆ ಹೇಗೆ ಏಳುತ್ತಾರೆ?

ಅಕ್ಟೋಬರಿನ ಒಂದು ಬೆಳಿಗ್ಗೆ ಏಳು ಮಂದಿಯ ತಂಡ ಬಂತು. ಅವರಲ್ಲಿ ಹಿರಿಯರು ಇಂಡಿಯಾದ ಧಾರವಾಡ ಕಡೆಯ ಬಿಷಪ್ ಎಲೀಷ ಕೊಪ್ಪದ. ಎಪ್ಪತ್ತು ದಾಟಿದವರು, ಮೊಣಕಾಲು ನೋವಿನವರು. ನನ್ನ ಮೇಲೆ ಕೂತು, "ನಾವು ನಿಮ್ಮೊಂದಿಗೆ..." ಎಂದು ಶುರುಮಾಡಿದರು.

ಅಫೀಫಾ ಕಾಫಿಯ ತಟ್ಟೆಯನ್ನು ಠಣ್ಣೆಂದು ಮೇಜಿನ ಮೇಲಿಟ್ಟಳು.

"ಅಬೂನಾ, ಇವರಿಗೆ ತಿಳಿಸಿ ಹೇಳಿ," ಎಂದಳು ಊರ ಪಾದ್ರಿ ಫುವಾದರಿಗೆ. "ನಮ್ಮೊಂದಿಗಿದ್ದರೆ ಇಲ್ಲಿ ಯಾಕೆ ಕೂತಿದ್ದಾರೆ? ನಾನಿರಬೇಕಾದದ್ದು ಗೇಟಿನ ಹತ್ತಿರ. ಪತ್ರದಲ್ಲಿ ಇವತ್ತಿನ ತಾರೀಖಿದೆ. ಇವರಿಗೆ ಕಾಫಿ ಕಾಯಿಸುತ್ತಾ ನನ್ನ ದಿನ ಹೋಗುತ್ತಿದೆ!"

ಪಾದ್ರಿಗಳ ಮುಖ ಕೆಂಪಾಯಿತು. ತಗ್ಗಿದ ದನಿಯಲ್ಲಿ ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದರು. ತಂಡದವನೊಬ್ಬ ಗಡಿಯಾರ ನೋಡಿಕೊಂಡ. ಬಿಷಪ್ಪರು ಮಾತ್ರ ನನ್ನ ತೋಳು ಹಿಡಿದು, ನೋವಿಗೆ ಹಲ್ಲು ಕಚ್ಚಿ ಎದ್ದರು.

"ತಾಯಿ ಹೇಳಿದ್ದು ಸರಿ. ನಡೀರಿ."

ನಾಲ್ವರು ಹೋಗಿ ಬಸ್ಸಿನಲ್ಲಿ ಕೂತರು. ಇಬ್ಬರು ಅವರ ಹಿಂದೆ ಹೊರಟರು. ಮುದುಕರ ಮೊಣಕಾಲಿಗೆಂದು ಪಾದ್ರಿಗಳು ನನ್ನನ್ನು ತಲೆಯ ಮೇಲೆ ಹೊತ್ತರು. ಸಭಾಮನೆ ಸೇರಿದ ಮೇಲೆ ನಾನು ಮೊದಲ ಸಲ ಬಿಸಿಲು ಕಂಡೆ.

ಗೇಟಿಗೆ ಬೀಗ. ಸೈನಿಕ ಪತ್ರ ನೋಡಿ ತಲೆಯಾಡಿಸಿದ. "ಇವತ್ತು ಇಲ್ಲ. ಭದ್ರತೆ."

"ಹಾಗಾದರೆ ತೆಗೆಯುವವರೆಗೂ ಕಾಯುತ್ತೇವೆ," ಎಂದರು ಬಿಷಪ್ಪರು.

ಪಾದ್ರಿಗಳು ನನ್ನನ್ನು ಅವರ ಮುಂದಿಟ್ಟರು. ಬಿಷಪ್ಪರು ಕೂರಲಿಲ್ಲ. ಅಫೀಫಾಳ ಕಡೆ ಕೈ ತೋರಿದರು: "ಇದು ಯಜಮಾನಿಯ ಜಾಗ." ತಾವು ಪಕ್ಕದ ಬಂಡೆಯ ಮೇಲೆ ಕೂತು ಕಾಲು ಚಾಚಿದರು.

ನನ್ನನ್ನು ಹೆಣೆದವಳು ನಲವತ್ತು ವರ್ಷದಲ್ಲಿ ಒಮ್ಮೆಯೂ ನನ್ನ ಮೇಲೆ ಕೂತಿರಲಿಲ್ಲ. ಅವತ್ತು ಕೂತಳು. ಹಕ್ಕಿಯಷ್ಟು ಹಗುರ. ಆದರೆ ಸಿಟ್ಟಿಗೆ ಅವಳ ಮೈ ನಡುಗುತ್ತಿದ್ದದ್ದು ನನ್ನ ಕಾಲಿನವರೆಗೂ ಇಳಿಯಿತು.

ಮೂರು ತಾಸು ಕಳೆಯಿತು. ಕೊನೆಗೆ ಜೀಪಿನಲ್ಲಿ ಅಧಿಕಾರಿ ಬಂದ. ಶಿಲುಬೆಗಳನ್ನು ನೋಡಿದ, ವಿದೇಶದ ಪಾಸ್‌ಪೋರ್ಟುಗಳನ್ನು ನೋಡಿದ. ಎರಡು ತಾಸಿನ ಮಟ್ಟಿಗೆ ಬೀಗ ತೆಗೆಸಿದ.

ಅಫೀಫಾ ಅವನ ಮುಂದೆ ನಿಂತಳು. "ನನ್ನ ಪತ್ರಕ್ಕೆ ತೆರೆಯದ ಗೇಟು ಇವರ ಮುಖ ನೋಡಿ ತೆರೆಯಿತು. ನಾಳೆ ನಾನೊಬ್ಬಳೇ ಬಂದರೆ?"

ಅವನು ಜೀಪು ಹತ್ತಿ ಹೋದ. ಎಲ್ಲರೂ ಸೇರಿ ಆ ಎರಡು ತಾಸಿನಲ್ಲಿ ಮೂರು ಚೀಲ ಕಾಯಿ ಬಿಡಿಸಿದರು.

ಮರುದಿನ ಬೆಳಿಗ್ಗೆ ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತು. ಅತಿಥಿಗಳು ಹೋಗಿಯಾಗಿತ್ತು, ಗೇಟು ಮುಚ್ಚಿತ್ತು. ಪತ್ರದ ದಿನವನ್ನು ಕಸಿದುಕೊಂಡಿರಿ, ಬದಲಿಗೆ ಇವತ್ತು ಕೊಡಿ ಎಂದು ಅಫೀಫಾ ನನ್ನನ್ನು ಎಳೆದು ತಂದು ಅಲ್ಲೇ ಕೂತಳು. ಅದೂ ಆಗಲಿಲ್ಲ, ಮೂರನೆಯ ದಿನವೂ ಬಂದಳು. ಐದನೆಯ ದಿನ ಅವಳು ನೀರು ಕುಡಿಯಲು ಎದ್ದಾಗ ಸೈನ್ಯದ ಜೀಪು ಹಿಮ್ಮುಖವಾಗಿ ಬಂದು ನನಗೆ ಗುದ್ದಿತು. ನನ್ನ ಹಿಂಗಾಲು ಲಟಕ್ಕೆಂದು ಮುರಿಯಿತು. ಒಳಗಿದ್ದವನು ಇಳಿದು ನೋಡಲೂ ಇಲ್ಲ.

ಮುಂದಿನ ವರ್ಷ ಬಿಷಪ್ಪರು ಕೊಯ್ಲಿಗೆಂದೇ ಹೊರಟರು. ಅವರನ್ನು ವಿಮಾನ ನಿಲ್ದಾಣದಿಂದಲೇ ವಾಪಸು ಕಳಿಸಿದರು. ಅವರು ಫೋನು ಮಾಡಿ ಅತ್ತರು. ಪಾದ್ರಿಗಳು ನಡುವೆ ನಿಂತು ಇಬ್ಬರ ಮಾತನ್ನೂ ದಾಟಿಸಿದರು.

"ಅಳಬೇಡಿ, ಸಯ್ಯಿದ್ನಾ," ಎಂದಳು ಅಫೀಫಾ. ಇಲ್ಲಿ ಬಿಷಪ್ಪರನ್ನು ಕರೆಯುವುದು ಹಾಗೆ. "ನಡೆದದ್ದನ್ನು ನಡೆದ ಹಾಗೆ ನಿಮ್ಮವರಿಗೆ ಹೇಳಿ. ಬರುವವರಿದ್ದರೆ ಹೊಲದಲ್ಲಿ ನಡೆಯುವಂಥ ಚಪ್ಪಲಿ ಹಾಕಿಕೊಂಡು ಬರಲಿ."

ಈಗ ನಾನು ಅವಳ ಹಿತ್ತಲ ಕೊಟ್ಟಿಗೆಯಲ್ಲಿ, ಚೀಲಗಳ ನಡುವೆ ಮೂರು ಕಾಲಲ್ಲಿ ಗೋಡೆಗೆ ಒರಗಿದ್ದೇನೆ. ಸಭಾಮನೆಗೆ ಪ್ಲಾಸ್ಟಿಕ್ ಕುರ್ಚಿಗಳು ಬಂದಿವೆ. ಕೊಯ್ಲಿನ ಕಾಲದಲ್ಲಿ ಅಫೀಫಾ ಅವನ್ನೆಲ್ಲ ಒಳಗೆ ಹಾಕಿ ಬೀಗ ಜಡಿಯುತ್ತಾಳೆ. ನೊಂದವರ ಮುಂದೆ ಕೂರಲು ಜಾಗ ಕೊಡುವುದೇ ನನ್ನ ಹುಟ್ಟಿನ ಕೆಲಸವಾಗಿತ್ತು. ಅದು ಒಳ್ಳೆಯ ಕೆಲಸವೆಂದು ಎಷ್ಟು ವರ್ಷ ನಂಬಿದ್ದೆ!

ಇವತ್ತು ಬೆಳಿಗ್ಗೆ ಒಂಬತ್ತು ಮಂದಿ ಬಂದರು. ಅವಳು ಬಕೆಟ್ಟುಗಳನ್ನು ಜೋಡಿಸಿಕೊಂಡು ತನ್ನ ಮನೆಯ ಬಾಗಿಲಲ್ಲೇ ನಿಂತಿದ್ದಳು.

"ಕೂರಲಿಕ್ಕೆ ಏನೂ ಇಲ್ಲ. ಕಾಫಿ ಹೊಲದಲ್ಲಿ ಕೊಡುತ್ತೇನೆ. ತಗೊಳ್ಳಿ ಒಂದೊಂದು."

ಬಕೆಟ್ಟಿನ ಹಿಡಿಗಳು ಸದ್ದು ಮಾಡಿದವು. ಹೆಜ್ಜೆಗಳು ಇಳಿಜಾರಿನ ಕಡೆ ಹೋದವು. ಗೇಟು ತೆರೆದರೋ ಇಲ್ಲವೋ, ಇಲ್ಲಿಂದ ಕಾಣುವುದಿಲ್ಲ. ಮಧ್ಯಾಹ್ನದ ಊಟದ ಹೊತ್ತು ಮೀರಿದೆ. ಬಸ್ಸಿನವನು ಮೂರು ಸಲ ಹಾರನ್ ಹೊಡೆದ. ಇನ್ನೂ ಒಬ್ಬರೂ ವಾಪಸು ಬಂದಿಲ್ಲ.